ಕೇಳಿದೆ, ಬೇಡ ಅಂದರು

ಮತ್ರಾದ ಮೀನುಪೇಟೆಯ ಹಿಂದಿನ ಓಣಿ.
ಬೋರ್ಡಿನಲ್ಲಿ ಲಾಂಡ್ರಿಯ ಹೆಸರು ಮೂರು ಸಲ ಬದಲಾಗಿದೆ,
ಇಸ್ತ್ರಿಯ ಹಬೆ ಮಾತ್ರ ಅದೇ.
ಆಗಸ್ಟಿನಲ್ಲಿ ಇಲ್ಲಿ ಗೋಡೆಯೂ ಬೆವರುತ್ತದೆ,
ಇನ್ನು ಕಾಗದದ ಪಾಡೇನು?

ಪುಸ್ತಕ ಅಂದೆ. ಪುಸ್ತಕವಲ್ಲ ಅದು,
ಹಳೆಯ ಮಾಲೀಕ ಬಿಟ್ಟುಹೋದ ಲೆಕ್ಕದ ಖಾತೆ.
ಬಲಗಡೆಯಿಂದ ತೆರೆದರೆ ಅರಬ್ಬಿಯಲ್ಲಿ ಊರವರ ಸಾಲ.
ಎಡಗಡೆಯಿಂದ ನನ್ನಪ್ಪ, ದೂಮಪ್ಪ ಮಡಿವಾಳ,
ಕಾಲರಿಗೆ ಹಾಕಿ ಮಿಕ್ಕ ಗಂಜಿಯಲ್ಲಿ
ಒಂದೊಂದೇ ಅಂಟಿಸುತ್ತ ಬಂದದ್ದು:
ಜನರ ಕಿಸೆಯಲ್ಲಿ ಸಿಕ್ಕಿದ್ದು.

ದುಡ್ಡು, ಉಂಗುರ, ಪತಾಕೆ ಅದೇ ದಿನ ವಾಪಸು.
ಉಳಿದದ್ದನ್ನು ಅಂಗೈಯಲ್ಲಿಟ್ಟು,
ಅರೆಬರೆ ಅರಬ್ಬಿಯಲ್ಲಿ, ಹುಬ್ಬಿನಲ್ಲಿ ಕೇಳುತ್ತಿದ್ದ.
ಆಮೇಲೆ ಮೂರನೇ ಕ್ಲಾಸಿನ ದುಂಡಕ್ಷರ, ಪೆನ್ಸಿಲು:

ನಂಬರ್ ೨೧೨. ದಿಶ್‌ದಾಶ, ಬಲ ಕಿಸೆ.
ರೂವಿಯ ಬಸ್ ಟಿಕೆಟು. ಕೇಳಿದೆ, ಬೇಡ ಅಂದರು.

ನಂಬರ್ ೪೦. ಹಡಗಿನವರ ಕೋಟು.
ಲಂಗರದ ಚಿತ್ರದ ಗುಂಡಿ. ಕೇಳಿದೆ, ಬೇಡ ಅಂದರು.

ನಂಬರ್ ಅಳಿಸಿದೆ. ಮಾತ್ರೆಯ ತಗಡಿನಲ್ಲಿ ಸುತ್ತಿದ ಹಾಲುಹಲ್ಲು.
ಕೇಳಿದೆ. ನಕ್ಕರು.
ಬೇಡ ಅನ್ನಲಿಲ್ಲ, ತಕೊಳ್ಳಲೂ ಇಲ್ಲ.

"ಪರರ ಕೊಳೆ ತೊಳೆದದ್ದು ಸಾಲದೆ
ಅವರ ಕಿಸೆಯ ಕಸವನ್ನೂ ಸಾಕುತ್ತೀರಾ?"
ಅಮ್ಮ ಊರಿಂದ ಬರೆದ ಆ ಕಾಗದವನ್ನೂ ಅಂಟಿಸಿದ್ದಾನೆ.
ನಂಬರ್ ಇಲ್ಲ. ಲೋಲಾಕ್ಷಿ, ಅಷ್ಟೇ.

ಅಪ್ಪನ ನಂತರ ಆರು ವರ್ಷ ನಾನು ನಡೆಸಿದೆ.
ಈಗ ಕಟ್ಟಡ ಕೆಡವುತ್ತಾರಂತೆ.
ಖಾತೆಯನ್ನು ದುಪ್ಪಟಿಯಲ್ಲಿ ಸುತ್ತಿ ಖಮೀಸರ ಬಳಿಗೆ ಒಯ್ದೆ,
ರಟ್ಟು ಕಟ್ಟುವುದರಲ್ಲೇ ಬೆನ್ನು ಬಾಗಿದವರು.
ಪುಟ ಮೂಸಿದರು. "ಗಂಜಿ. ಹುಳಗಳಿಗೆ ಮದುವೆ ಮನೆ."
ಸೆಲ್ಲೋಟೇಪು ಕೀಳಬೇಡ, ಕಿತ್ತರೆ ಚರ್ಮವೂ ಬರುತ್ತದೆ.
ಪುಟಗಳ ನಡುವೆ ಹಳೆಯ ಮಲ್‌ ಬಟ್ಟೆ ಇಡು,
ಗಂಜಿ ಹಾಕದ್ದು, ನೀಲಿ ಹಾಕದ್ದು.
ಬೂಟಿನ ಡಬ್ಬಿಗಳಲ್ಲಿ ಬರುವ ಹರಳಿನ ಪೊಟ್ಟಣ ಎಸೆಯಬೇಡ.
ವಾರಕ್ಕೊಮ್ಮೆ ಎತ್ತಿಕೊಂಡು ಗಾಳಿ ತೋರಿಸು,
ಬಾಣಂತಿ ಕೋಣೆಯ ಕೂಸಿನ ಹಾಗೆ.

ಎಷ್ಟಾಯಿತು ಅಂದೆ.
ಅವರು ಬಲಗಡೆಯಿಂದ ತಿರುವುತ್ತ
ಒಂದು ಹೆಸರಿನ ಮೇಲೆ ಬೆರಳಿಟ್ಟರು:
"ನನ್ನ ಸೋದರಮಾವ. ನಾಲ್ಕು ರಿಯಾಲ್ ಬಾಕಿ.
ವಜಾ ಮಾಡಿಕೋ."

ತಮ್ಮ ಸಲಾಲಾದ ಬಂದರಿನಲ್ಲಿ. ಫೋನಿನ ತುಂಬ ಕ್ರೇನಿನ ಗದ್ದಲ.
"ಫೋಟೋ ತೆಗೆದು ಕಳಿಸು, ಸಾಕು.
ಯಾರ ಮನೆಯಲ್ಲಿದೆ ಜಾಗ?"
ಪೆನ್ಸಿಲು ಹುಡುಕಿದೆ. ಖಾಲಿ ಪುಟದಲ್ಲಿ ಬರೆದೆ:
ಯತೀಶ. ಕೇಳಿದೆ, ಬೇಡ ಅಂದ.
ಸ್ವಲ್ಪ ಹೆಚ್ಚೇ ಒತ್ತಿ ಬರೆದೆ.

ಕಳಿಸಿದೆ, ಪುಟ ಪುಟವಾಗಿ, ರಾತ್ರಿ ಕೂತು.
ಸಾಲ ಮುಗಿದು ಅಪ್ಪ ಎದುರಾಗುವ ನಡುಮಧ್ಯದಲ್ಲಿ
ಒಂದು ನೀಲಿ ಏರ್‌ಮೇಲು.
ಅಕ್ಷರವಿಲ್ಲ. ತುಂಬ ಒಂದೇ ಒಂದು ಪಾದ.
ಚಪ್ಪಲಿಯ ಅಳತೆಗೆಂದು ಅಮ್ಮ ಮಗುವನ್ನು ನಿಲ್ಲಿಸಿ
ಸುತ್ತ ಎಳೆದ ಗೆರೆ.
ಕಿರುಬೆರಳ ಹತ್ತಿರ ಗೆರೆ ಹಾರಿದೆ,
ಕಚಗುಳಿಗೆ ಕಾಲು ಎಳೆದುಕೊಂಡಿರಬೇಕು.
ಅಂಚಿನಲ್ಲಿ ಅಪ್ಪ: ರಜೆಗೆ ಇನ್ನೂ ಎಂಟು ತಿಂಗಳು.
ಎರಡು ಬೆರಳು ದೊಡ್ಡದು ತಕೊಳ್ಳುವುದು.

ಯಾರ ಕಾಲೆಂದು ಬರೆದಿಲ್ಲ.
ಬರೆಯುವ ಅಗತ್ಯ ಅವರಿಬ್ಬರಿಗೂ ಇರಲಿಲ್ಲ.

ಎರಡು ಗಂಟೆಗೆ ಫೋನು. ಹಿಂದೆ ಕ್ರೇನಿನ ಸದ್ದಿಲ್ಲ.
"ಅಕ್ಕ, ಆ ಕಾಲು ನಿಂದಾ, ನಂದಾ?"
ಗೊತ್ತಿಲ್ಲ ಅಂದೆ.
"ಹೆಬ್ಬೆರಳಿಗಿಂತ ಎರಡನೇದು ಉದ್ದ ಉಂಟಲ್ಲ ಅದರಲ್ಲಿ?"
ಉಂಟು ಅಂದೆ.
"ನಿಲ್ಲು ಸ್ವಲ್ಪ."

ಆ ಕಡೆ, ಸಾವಿರ ಕಿಲೋಮೀಟರು ಮರಳಿನಾಚೆ,
ಬೂಟಿನ ಲೇಸು ಬಿಚ್ಚುವ ಸದ್ದು.