ಹೆಪ್ಪು

ಗ್ಯುಮ್ರಿಯ ಸಂದಿಯೊಂದರಲ್ಲಿ, ಒಲೆಯ ಪಕ್ಕ,
ವಾರ್ದುಶ್ ಬಿಚ್ಚಿಟ್ಟಿದ್ದಾಳೆ ಕಲ್ಕುಟಿಗನ ಕಂಪ್ಯೂಟರು.
ಕರೆಂಟು ಹೋದ ಗಳಿಗೆ ಏನನ್ನೋ ಬರೆದುಕೊಳ್ಳುತ್ತಿತ್ತಂತೆ;
ಅಂದಿನಿಂದ ನೀಲಿ ಪರದೆ, ಒಂದೇ ಹಟ.

"ಹನ್ನೊಂದು ಹೆಸರು ಅದರೊಳಗೇ ಇವೆ," ಅನ್ನುತ್ತಾನೆ ಹ್ಮಾಯಾಕ್,
"ಗೋರಿಗೆ ಕೆತ್ತಬೇಕು. ಒಂದಕ್ಷರ ತಪ್ಪಿದರೆ
ಕಲ್ಲಿಗೆ ಅಳಿಸುವ ಗುಂಡಿಯಿಲ್ಲ."

ಅವಳು ಮಾತಾಡುವುದಿಲ್ಲ. ಪೆನ್‌ಡ್ರೈವ್ ಚುಚ್ಚಿ ಕಾಯುತ್ತಾಳೆ.
ನೂರಕ್ಕೆ ಅರವತ್ತೆರಡರಲ್ಲಿ ನಿಂತು
ಮತ್ತೆ ತೆವಳುತ್ತದೆ ಎಣಿಕೆ.
ಕೆಟ್ಟದ್ದು ಇಷ್ಟೇ: ಒಂದು ಕಡತ, ಸಾಸಿವೆಯಷ್ಟು.

ಗೋಡೆ ಬಡಿದು ಪಕ್ಕದ ಔಷಧಿ ಅಂಗಡಿಯವಳನ್ನು ಕೇಳುತ್ತಾಳೆ:
"ನಿನ್ನದೂ ಇದೇ ತಳಿ ಅಲ್ಲವೇನೇ? ಚೂರು ಕೊಡು."
ಹಾಲಿಗೆ ಹೆಪ್ಪು ಕೇಳಿದ ಹಾಗೆ.

ಇನ್ನು ಅಲುಗಿಸಬಾರದು.
ಹ್ಮಾಯಾಕ್ ಉಸಿರನ್ನೂ ಮೆಲ್ಲಗೆ ಬಿಡುತ್ತಾನೆ,
ಮೊಣಕಾಲ ಮೇಲೆ ಕೈ,
ಉಗುರ ಸಂದಿಯಲ್ಲಿ ಕರಿಗಲ್ಲಿನ ಪುಡಿ.