ಜೋಡಿ ಗೆರೆ

ಪರೇಲಿನ ಆಸ್ಪತ್ರೆ, ಹನ್ನೊಂದನೇ ಕೋಣೆ.
ಡಾಕ್ಟರ್ ತಾವಡೆ ಪೆನ್ನಿನ ಕ್ಯಾಪು ತೆಗೆದು
ಚೌಕವೆಂದರೆ ಗಂಡಸು, ದುಂಡಗಿದ್ದರೆ ಹೆಂಗಸು ಎಂದರು.
ಮೇಲೊಂದು ಚೌಕ: ಅಜ್ಜ, ಬನಹಟ್ಟಿಯ ಬಸಲಿಂಗಪ್ಪ.
ಅವನ ಕೆಳಗೆ ದುಂಡಗೆ ನನ್ನವ್ವ,
ಪಕ್ಕದ ಚೌಕ ಅವ್ವನ ತಮ್ಮ.
ಅವ್ವನ ಕೆಳಗೆ ನಾನು.
ನನ್ನಿಂದ ಆ ತಮ್ಮನವರೆಗೆ ಪೆನ್ನು ಓರೆಯಾಗಿ ಏರಿತು,
ಇಳಿದು ಬಂದು, ಅದೇ ದಾರಿಯಲ್ಲಿ ಮತ್ತೊಮ್ಮೆ ಏರಿತು.
ಜೋಡಿ ಗೆರೆ ಯಾಕೆ, ಎಂದೆ.
ಮೊದಲೇ ರಕ್ತಸಂಬಂಧವಿದ್ದವರ ಮದುವೆಗೆ ಹೀಗೆ ಬರೆಯುತ್ತೇವೆ.
ಅವರ ದನಿಯಲ್ಲಿ ಬೈಗುಳವಿರಲಿಲ್ಲ.
ಇದ್ದಿದ್ದರೆ ಚೆನ್ನಾಗಿತ್ತು.

ಅಜ್ಜನೂ ಅವನೇ, ಮಾವನೂ ಅವನೇ.
ಫಾರ್ಮಿನ ಎರಡು ಖಾನೆಗೆ ಒಂದೇ ಹೆಸರು ಎರಡು ಸಲ ಬರೆದೆ,
ಎರಡನೇ ಸಲ ಅಕ್ಷರ ಸಣ್ಣದಾಯಿತು.

ತೊಡೆಯ ಮೇಲೆ ನೀಲಾಂಬಿಕೆ. ನಾಲ್ಕು ತುಂಬಿದೆ.
ನಾನು ಶರಟಿಗೆ ಕಾಲರು ಹೊಲಿಯುವವಳು,
ಟೇಪು ಯಾರ ಮುಲಾಜೂ ನೋಡುವುದಿಲ್ಲವೆಂದು ಗೊತ್ತು.
ಆದರೂ ಅವಳು ಮಲಗಿದ ಮೇಲೆ ತಲೆಗೆ ಸುತ್ತಿ ನೋಡುತ್ತೇನೆ:
ಹದಿನಾರು ಇಂಚು. ಹೋದ ದೀಪಾವಳಿಗೂ ಹದಿನಾರು.
ಒಮ್ಮೆ ಎಣ್ಣೆ ಹಚ್ಚದೆ, ಕೂದಲು ಉಬ್ಬಿಸಿ ಅಳೆದೆ;
ಕಾಲಿಂಚು ಹೆಚ್ಚು ಬಂತು.
ಆ ಕಾಲಿಂಚನ್ನು ಯಾರಿಗೂ ಹೇಳಲಿಲ್ಲ.

ರಕ್ತದ ರಿಪೋರ್ಟಿನಲ್ಲಿ ಒಂದು ಹೆಸರು:
ಸಿ ಇ ಪಿ ನೂರ ಐವತ್ತೆರಡು.
ಬಸ್ಸಿನ ನಂಬರಿನಂತಿದೆ, ಎಲ್ಲಿಗೆ ಹೋಗುತ್ತದೋ.
ಕೋಶ ಒಡೆದು ಎರಡಾಗುವ ಮುಂಚೆ
ಒಳಗಿನ ಒಂದು ಚುಕ್ಕೆ ತಾನು ಎರಡಾಗಬೇಕಂತೆ.
ಒಂದೊಂದು ಒಂದೊಂದು ತುದಿಗೆ ಹೋಗಿ ನಿಂತು
ಎಳೆ ಬೀಸಿ, ಸಮಪಾಲು ಎಳೆದುಕೊಳ್ಳಬೇಕಂತೆ.
ಚುಕ್ಕೆಯನ್ನು ಎರಡಾಗಿಸಲು ಕರೆ ಕೊಡುವ ಆಳು
ನಮ್ಮ ನೀಲಿಯಲ್ಲಿ ಅರ್ಧಕ್ಕೇ ಷಿಫ್ಟು ಮುಗಿಸಿ ಎದ್ದುಹೋದ.
ಮಿದುಳು ಕಟ್ಟುವ ತಾಯಿಕೋಶಗಳು
ಬೇಗ ಖರ್ಚಾದವು, ಹೊಟ್ಟೆಯೊಳಗೇ.
ಅಪ್ಪನಿಂದ ಬಂದ ಪ್ರತಿಯಲ್ಲೂ ಅದೇ ತಪ್ಪಕ್ಷರ,
ನನ್ನಿಂದ ಹೋದ ಪ್ರತಿಯಲ್ಲೂ ಅದೇ.

ಅಜ್ಜ ಹಾಳೆ ಇಸಕೊಂಡ.
ಮೂವತ್ತೊಂದು ವರ್ಷ ಲಾಲಬಾಗಿನ ಗಿರಣಿಯಲ್ಲಿ ನೂತವನು.
ಹತ್ತಿರ ತಂದು, ದೂರ ಹಿಡಿದು,
'ಇದು ನಮ್ಮ ಖಾತೇದ ಐತೆಲ್ಲ' ಎಂದ.
'ಈ ಕಡೆ ಕದರು, ಆ ಕಡೆ ಕದರು, ನಡುವ ಎಳಿ.
ಎಳಿ ಹರದರ ಕೂಡಸಾಂವ ಯಾರ ಅದಾನ ಅಲ್ಲೆ?'
ತಾವಡೆ ನನ್ನ ಮುಖ ನೋಡಿದರು.
ಮರಾಠಿಗೆ ತಿರುಗಿಸಿದೆ.
ಅವರು ಪೆನ್ನಿನ ಕ್ಯಾಪು ಹಾಕಿ, ತೆಗೆದು, ಹಾಕಿ,
ಯಾರೂ ಇಲ್ಲ ಆಜೋಬಾ, ಎಂದರು.

ಕರೀ ರೋಡಿನ ಸೇತುವೆಯ ಮೇಲೆ ಅಜ್ಜ ನಿಂತುಬಿಟ್ಟ.
ಚಿಮಣಿಯಿದ್ದಲ್ಲಿ ಈಗ ಗಾಜು, ಗಾಜಿನ ಮೇಲೆ ಗಾಜು.
'ಮಗ್ಗ ಮನಿ ಬಿಟ್ಟು ಹೋಗಬಾರದಂತ ಕೊಟ್ಟೆ.'
ಯಾರಿಗೆ ಹೇಳಿದನೋ.
ಆ ಮಗ್ಗವನ್ನು ನನ್ನ ಮದುವೆಯ ಮರುವರ್ಷವೇ
ಸೌದೆಯ ಲೆಕ್ಕದಲ್ಲಿ ಮಾರಿದ್ದ.

ಇನ್ನೊಂದು ಕೂಸಾದರೆ ನಾಲ್ಕರಲ್ಲೊಂದು, ಎಂದಿದ್ದರು.
ಒಂದು ಆಗಿಹೋಯಿತಲ್ಲ, ಉಳಿದ ಮೂರು ನೆಟ್ಟಗೇ, ಎನ್ನುತ್ತಾನೆ ಗಂಡ.
ಪ್ರತಿ ಸಲವೂ ಎಣಿಕೆ ಮೊದಲಿನಿಂದ, ಎಂದು
ಎಷ್ಟು ಸಲ ಹೇಳಲಿ.
ಸಹಿ ಬೇಕಾದ ಹಾಳೆ ಜೋಳದ ಡಬ್ಬಿಯ ಕೆಳಗಿದೆ.
ಡಬ್ಬಿ ಎತ್ತಿದಾಗಲೆಲ್ಲ ಅದರ ಮೇಲೆ ದುಂಡನೆಯ ಗುರುತು.

ಸಂಜೆ ಚಾಳಿನ ಗ್ಯಾಲರಿಯಲ್ಲಿ ಅಜ್ಜ
ನೂಲಿನ ಲಡಿಯನ್ನು ನೀಲಿಯ ಎರಡು ಕೈಗೆ ತೊಡಿಸಿ
ಉಂಡೆ ಸುತ್ತತೊಡಗಿದ.
ನಾಲ್ಕು ಸುತ್ತಿಗೆ ಅವಳು ಒಂದು ಕೈ ಬಿಟ್ಟಳು, ನಕ್ಕಳು.
ಅವಳಿಗೆ ನಗು ಬೇಗ.
ಬಿಟ್ಟ ತುದಿಯನ್ನು ಅಜ್ಜ ಕಟಕಟೆಯ ಸರಳಿಗೆ ಸಿಕ್ಕಿಸಿದ.
ಇನ್ನೊಂದನ್ನೂ ಬಿಟ್ಟಳು.
ಅದನ್ನು ತನ್ನ ಕಾಲ್ಬೆರಳಿಗೆ ಹಾಕಿಕೊಂಡು
ಸುತ್ತುತ್ತ ಹೋದ, ತಲೆಯೆತ್ತದೆ.
ಅಷ್ಟರಲ್ಲಿ ಕೆಳಗಿನವರು ನೀರು ಬಂತೆಂದು ಕೂಗಿದರು.
ಎರಡು ಕೊಡ ಹಿಡಿದು
ನಾನು ಮೆಟ್ಟಿಲಿಳಿದೆ.