ಹಾಡು ಮುಗಿದ ಮೇಲೂ ಸ್ವಲ್ಪ

ಭಾನುವಾರ ರಾತ್ರಿ ಒಂಬತ್ತು.
ಗುಡ್ಡದ ಬಂಡೆ ಹಗಲಿಡೀ ಕುಡಿದ ಬಿಸಿಲನ್ನು
ಇನ್ನೂ ಊರ ಮೇಲೆ ಉಗುಳುತ್ತಿರುವಾಗ
ನಾನು ಗುಂಡಿ ಒತ್ತುತ್ತೇನೆ, ಕೆಂಪು ದೀಪ ಹತ್ತುತ್ತದೆ.
ಏಸಿ ಕೆಟ್ಟು ಎರಡು ಬೇಸಿಗೆ.
ಒಂದು ಒದ್ದೆ ಟವೆಲ್ಲು, ಒಂದು ಹೂಜಿ ನೀರು,
ಉದ್ದ ಕೂದಲಿನ ಗಂಡಸರು ಯಾವುದೋ ಕಾಲದಲ್ಲಿ
ಇಂಗ್ಲಿಷಿನಲ್ಲಿ ಕಿರುಚಿಟ್ಟು ಹೋದ ಹಾಡುಗಳು.
ಹಗಲು ನಾನು ವಿಮೆ ಕಚೇರಿಯಲ್ಲಿ ಕಂತು ಎಣಿಸುವವಳು.

ಮೊದಲ ಕರೆ ಯಾವತ್ತೂ ಕೌಲ್ ಬಜಾರಿನ ಮಸ್ತಾನ್ ವಲಿಯವರದು.
ಜೀನ್ಸ್ ಹೊಲಿಯುವ ಮಷೀನು ನಿಲ್ಲಿಸದೆಯೇ ಮಾತು:
"ಮೇಡಂ, ಆ ಡ್ರಮ್ಮಿನವನು ಎಡಚ. ಬರೆದಿಟ್ಕೊಳ್ರಿ."
ಬರೆದುಕೊಂಡವಳ ಹಾಗೆ ಹ್ಞೂಂಗುಡುತ್ತೇನೆ.

ಆಮೇಲೆ ಕಂಟೋನ್ಮೆಂಟಿನ ಡಾಫ್ನಿ ಆಂಟಿ,
ಗುಂತಕಲ್ಲಿನ ರೈಲ್ವೆ ಕ್ಲಬ್ಬಿನ ಹಲಗೆ ನೆಲದ ಮೇಲೆ
ಇದೇ ಹಾಡಿಗೆ ಕುಣಿದು ಚಪ್ಪಲಿಯ ಹಿಮ್ಮಡಿ ಮುರಿದವರು.
"ಎಡಚ ಅಲ್ಲ ಮೈ ಡಿಯರ್,
ಅವತ್ತು ಅವನ ಎರಡು ಕೈಯೂ ಎಡವೇ,
ಅಷ್ಟು ಕುಡಿದಿದ್ದ."
ಪಕ್ಕದಲ್ಲೇ ಕೂತು ಸುರಿದುಕೊಟ್ಟಷ್ಟು ಖಾತ್ರಿ.

ವಾಷಿಂಗ್ ಯೂನಿಟ್ಟಿನ ಪಂಪಾಪತಿ ಬರುವುದೇ ನಗುತ್ತ:
"ನಮ್ದು ಬಂಡೆ ಊರು, ಪ್ಯಾಂಟು ತೊಳಿಯೋದೂ ಕಲ್ಲು ಹಾಕಿ.
ನಮಗಲ್ದೆ ರಾಕ್ ಇನ್ಯಾರಿಗೆ ತಿಳೀಬೇಕ್ರಿ?"
ಪ್ರತಿ ವಾರ ಹೇಳುತ್ತಾರೆ. ಪ್ರತಿ ವಾರ ಅವರೊಬ್ಬರೇ ನಗುತ್ತಾರೆ.
ನಾನು ಮೆಲ್ಲಗೆ ಸಂಗೀತ ಏರಿಸುತ್ತೇನೆ.

ನಾಲ್ಕು ವಾರದಿಂದ ಜಗಳ ಒಂದೇ:
ಏಳು ನಿಮಿಷದ ಆ ಹಾಡಿನ ನಡುವೆ
ಗಿಟಾರು ಒಂದೋ ಎರಡೋ.
ವಲಿ ಒಂದು ಅಂದರೆ ಆಂಟಿ ಎರಡು,
ಪಂಪಾಪತಿಯದು ಮೂರು, ಸುಮ್ಮನೆ ಇರಲಿ ಅಂತ.
ಪಂತ: ಎಲ್ಲರಿಗೂ ಒಗ್ಗರಣಿ ಮಿರ್ಚಿ.

ಆ ರಾತ್ರಿ ಮತ್ತೆ ವಲಿಯವರದೇ ನಂಬರು.
ದನಿ ಮಾತ್ರ ಬೇರೆ.
"ನಾನು ಗಾದೆಮ್ಮ ಅಂತ, ಇಲ್ಲೇ ದಾರ ಕತ್ರಿಸೋಳು,
ಪ್ಯಾಂಟಿಗೆ ಒಂದು ರೂಪಾಯಿ.
ಗಿಟಾರು ಎಷ್ಟೈತೋ ನನಗ ತಿಳ್ಯಂಗಿಲ್ಲ.
ಹಾಡು ಮುಗುದ ಮ್ಯಾಲೆ ಒಬ್ಬ ಕೆಮ್ಮತಾನಲ್ಲ,
ಅವನ್ಯಾರು?"

ಕೆಮ್ಮು?
ಹಿಂದಕ್ಕೆ ಸರಿಸಿ ಕೊನೆಯ ಅರ್ಧ ನಿಮಿಷ ಹಾಕಿದೆ,
ಸದ್ದು ತುದಿ ಮುಟ್ಟುವಷ್ಟು ಏರಿಸಿ.
ಗಿಟಾರು, ಒಂದೋ ಎರಡೋ, ಹೊಸಪೇಟೆ ಕಡೆ ಹೊರಟ ರೈಲಿನಂತೆ
ಸಣ್ಣಗಾಗುತ್ತ ಸಣ್ಣಗಾಗುತ್ತ ಹೋಯಿತು.
ಬರೀ ಸುಂಯ್ ಅನ್ನುವ ಖಾಲಿ ಟೇಪು.
ಆಮೇಲೆ, ನಿಜ,
ಅಂಗೈ ಅಡ್ಡ ಹಿಡಿದಂತೆ, ಒಣಗಿದ್ದು, ಚಿಕ್ಕದು,
ಒಂದು ಕೆಮ್ಮು.

ಹನ್ನೊಂದು ವರ್ಷ ಹಾಕಿದ್ದೇನೆ ಈ ಹಾಡು.
ಪ್ರತಿ ಸಲ ಅಷ್ಟರೊಳಗೆ ಜಾಹೀರಾತು ತೂರಿಸಿದ್ದೇನೆ.

"ಹ್ಞಾಂ, ಅದಾ," ಅಂದಳು ಗಾದೆಮ್ಮ.
"ಎಷ್ಟೊತ್ತು ತಡಕಂಡಾನ ನೋಡ್ರಿ ಪಾಪ.
ನಮಗೂ ಹಿಂಗ. ಗಂಟಲ ತುಂಬ ನೀಲಿ ಧೂಳು.
ಕಟ್ಟು ಎಣಿಸೋ ತನಕ ಕೆಮ್ಮಂಗಿಲ್ಲ,
ಲೆಕ್ಕ ತಪ್ಪತೈತೆ."

ಅವಳ ಹಿಂದೆ ಏನೋ ಕಡಿಮೆ ಅನ್ನಿಸಿತು.
ಗೊತ್ತಾಗಲು ತಡವಾಯಿತು:
ವಲಿಯವರ ಮಷೀನು ನಿಂತಿತ್ತು.

ಮುಂದಿನ ಭಾನುವಾರ ಗಿಟಾರು ಕೇಳುವವರೇ ಇಲ್ಲ.
ಯಾವುದೋ ಹಾಡಿನ ಶುರುವಿಗೆ ಕುರ್ಚಿ ಕಿರುಗುಟ್ಟಿತಂತೆ, ಆಂಟಿ.
ಇನ್ನೊಂದರಲ್ಲಿ ಯಾರೋ ಹಾಳೆ ತಿರುವಿದರಂತೆ, ಪಂಪಾಪತಿ,
ಬಂಡೆಯ ಮಾತೇ ಮರೆತು.
"ಒಬ್ಬ ಕಾಲಲ್ಲಿ ತಾಳ ಬಡೀತಾನೆ ಮೇಡಂ," ವಲಿ,
"ಎಡಗಾಲು. ಬರೆದಿಟ್ಕೊಳ್ರಿ."

ಬರೆದುಕೊಂಡೆ.

"ಮತ್ತೆ, ಗಾದೆಮ್ಮ ಕೇಳ್ತಾಳೆ,
ಅದನ್ನ ಇನ್ನೊಂದು ಸಲ ಹಾಕಬೇಕಂತೆ.
ಹಾಡೆಲ್ಲ ಬ್ಯಾಡಂತೆ, ಕೊನೇದಷ್ಟೇ."

ಮೊದಲಿನಿಂದಲೇ ಹಾಕಿದೆ.
ಏಳು ನಿಮಿಷವೂ ಬೇಕಲ್ಲ,
ಆ ಕೆಮ್ಮು ಬರಲಿಕ್ಕೆ.